ಡಾ|| ಚಂದ್ರಶೇಖರ ಕಂಬಾರರ ಚಲಚ್ಚಿತ್ರ ಸಂಗೀತ: ಕರ್ತೃತ್ವದ ಒಂದು ಪ್ರಶ್ನೆ

1

ಕನ್ನಡ ಚಲಚ್ಚಿತ್ರ ಸಂಗೀತದ ಇತಿಹಾಸವನ್ನು ಕುರಿತು ಮಾತನಾಡುವವರು ಜಿ. ಕೆ. ವೆಂಕಟೇಶ್, ಟಿ. ಜಿ. ಲಿಂಗಪ್ಪ, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಮೊದಲಾದವರ ಹೆಸರುಗಳನ್ನು ಮೊದಲು ನೆನೆಯುವರು. ಅದು ಸಹಜವೂ ಹೌದು. ಅವರು ಸಂಗೀತ ನಿರ್ದೇಶನವನ್ನೇ ವೃತ್ತಿಯನ್ನಾಗಿ ಕೈಕೊಂಡು, ವರ್ಷಕ್ಕೆ ಹಲವು ಚಿತ್ರಗಳಂತೆ ದುಡಿದು, ನಾಡಿನ ಕಿವಿಯನ್ನು ತಿದ್ದಿದವರು. ಈ ಮಾಲಿಕೆಯಲ್ಲಿ ಡಾ|| ಚಂದ್ರಶೇಖರ ಕಂಬಾರರ ಹೆಸರು ಬರುವುದು ವಿರಳ. ಕವಿಯೆಂದು, ನಾಟಕಕಾರರೆಂದು, ಜಾನಪದ ವಿದ್ವಾಂಸರೆಂದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳೆಂದು, 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದವರೆಂದು ಅವರನ್ನು ಬಲ್ಲವರು ಬಹಳ. ಅವರು ತಮ್ಮ ಕೆಲವು ಚಿತ್ರಗಳಿಗೆ ತಾವೇ ಸಂಗೀತವನ್ನು ಸಂಯೋಜಿಸಿದವರೆಂಬ ಸಂಗತಿಯಾದರೋ ಈ ಇತರ ಕೀರ್ತಿಗಳ ಬೆಳಕಿನಲ್ಲಿ ಮಂಕಾಗಿದೆ.

ಮಂಕಾಗುವುದಕ್ಕೆ ಇನ್ನೊಂದು ಕಾರಣವೂ ಉಂಟು. 1979ರಲ್ಲಿ ತೆರೆಕಂಡ ‘ಕಾಡುಕುದುರೆ’ ಚಿತ್ರದ ಶೀರ್ಷಿಕೆಗೀತೆಯನ್ನು ಕೇಳದ ಕನ್ನಡಿಗರು ಕಡಿಮೆ. ಕಾಲೇಜುಗಳ ಸ್ನೇಹ ಸಮ್ಮೇಲನಗಳಲ್ಲಿ, ಯುವಜನೋತ್ಸವಗಳಲ್ಲಿ, ದೂರದರ್ಶನದ ವೇದಿಕೆಗಳಲ್ಲಿ ಅದನ್ನು ಮೇಲಿಂದಮೇಲೆ ಹಾಡಲಾಗುತ್ತದೆ. ಆದರೆ ಹಾಡುವ ಮೊದಲು ನಿರೂಪಕರು ಅನೇಕ ವೇಳೆ ಕೊಡುವ ಪರಿಚಯ ಒಂದೇ: ‘ಇದೊಂದು ಜಾನಪದ ಗೀತೆ.’ ಪದವನ್ನು ಬರೆದವರಾರು, ಮಟ್ಟನ್ನು ಕಟ್ಟಿದವರಾರು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಕೇಳುವವರು ಇದನ್ನು ಹೊಗಳಿಕೆಯೆಂದು ಭಾವಿಸುವರು. ‘ಜನಪದವೇ ಆಗಿಬಿಟ್ಟಿತು’ ಎನ್ನುವುದಕ್ಕಿಂತ ಹೆಚ್ಚಿನ ಮನ್ನಣೆ ಕವಿಗೆ ಯಾವುದಿದೆ ಎಂದು ಕೇಳುವವರೂ ಇದ್ದಾರೆ.

ಪ್ರಕೃತ ಲೇಖನವು ಈ ಮಾತನ್ನು ಒಪ್ಪುವುದಿಲ್ಲ. ಇಂತಹ ಗೀತೆಯನ್ನು ಜನಪದವೆಂದು ಕರೆಯುವುದರಿಂದ ಏಕಕಾಲಕ್ಕೆ ಇಬ್ಬರಿಗೆ ಅನ್ಯಾಯವಾಗುತ್ತದೆ. ಸಂಯೋಜಕನಿಗೆ ಸಲ್ಲಬೇಕಾದ ಕರ್ತೃತ್ವ ತಪ್ಪಿಹೋಗುತ್ತದೆ. ಅದರೊಡನೆಯೇ, ಯಾವ ಪ್ರದೇಶದ ಹೆಸರಿನಲ್ಲಿ ಆ ಗೀತೆಯನ್ನು ಮೆಚ್ಚುತ್ತೇವೆಯೋ ಆ ಪ್ರದೇಶದ ನಿಜವಾದ ಹಾಡುಗಾರಿಕೆ ಮರೆಯಾಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಆಟದ ಪರಂಪರೆಯನ್ನು ಎದುರಿಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

2

ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಘಟಪ್ರಭೆ ಹುಕ್ಕೇರಿ ತಾಲೂಕನ್ನು ದಾಟಿ, ಗೋಕಾಕದ ಬಳಿ ಜಲಪಾತವಾಗಿ ಧುಮುಕಿ, ಮುಂದೆ ಮೂಡಲಗಿಯ ಸೀಮೆಯ ಕಡೆಗೆ ಸಾಗುತ್ತದೆ. ಈಗ ಪ್ರತ್ಯೇಕ ತಾಲೂಕಾಗಿರುವ ಮೂಡಲಗಿ ಬಹುಕಾಲ ಗೋಕಾಕ ತಾಲೂಕಿನ ಭಾಗವೇ ಆಗಿದ್ದಿತು. ಆಡಳಿತದ ಗೆರೆಗಳು ಹೇಗೇ ಇರಲಿ, ಹಾಡು-ಆಟಗಳ ಮಟ್ಟಿಗೆ ಈ ಮೂರೂ ಒಂದೇ ಸೀಮೆ. ಒಂದೂರಿನ ಮೇಳ ಮತ್ತೊಂದೂರಿನ ಜಾತ್ರೆಗೆ ಹೋಗುವುದು, ಹರದೇಸಿ-ನಾಗೇಸಿಯ ಗಾಯಕರು ರಾತ್ರಿಯಿಡೀ ಸವಾಲು-ಜವಾಬು ನಡೆಸುವುದು, ಗೀಗೀ ಪದದವರು ಸಂತೆ-ಜಾತ್ರೆಗಳಲ್ಲಿ ಕಥೆ ಹೇಳುವುದು ಇಲ್ಲಿಯ ವಾಡಿಕೆ.

ಈ ಸೀಮೆಯ ಹಿರಿಮೆಗೆ ‘ಶ್ರೀಕೃಷ್ಣ ಪಾರಿಜಾತ’ವೊಂದೇ ಸಾಕು. ಅಪರಾಳ ತಮ್ಮಣ್ಣನ ಹೆಸರಿಗೆ ಸಲ್ಲುವ ಈ ಕೃತಿಯನ್ನು ರಂಗಕ್ಕೆ ಒಗ್ಗುವಂತೆ ತಿದ್ದಿ ಬೆಳೆಸಿ ಪ್ರಚಾರಕ್ಕೆ ತಂದವನು ಕುಲಗೋಡ ತಮ್ಮಣ್ಣ. ಕುಲಗೋಡವು ಈಗಿನ ಮೂಡಲಗಿ ತಾಲೂಕಿನ ಗ್ರಾಮ. ಹಳೆಯ ಗೋಕಾಕ ತಾಲೂಕಿನದೇ ಆದ ಕೌಜಲಗಿಯ ನಿಂಗಮ್ಮ ಈ ಆಟದಲ್ಲಿ ಸ್ತ್ರೀಯರಿಗೆ ಹೆಸರು ತಂದುಕೊಟ್ಟ ಕಲಾವಿದೆ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು, ಅಂದರೆ ‘ಆನಂದಕಂದ’ರು, ಇದೇ ಮಣ್ಣಿನ ನುಡಿಯಲ್ಲಿ ಗೀತೆಗಳನ್ನು ರಚಿಸಿದರು. ಜನರ ಆಡುನುಡಿಯಲ್ಲಿ, ಜನರ ಲಯದಲ್ಲಿ ಹೆಸರುಳ್ಳ ಕವಿಯೊಬ್ಬನು ಹಾಡು ಕಟ್ಟುವುದು ಇಲ್ಲಿ ಹೊಸದಲ್ಲವೆಂಬುದನ್ನು ಈ ಮೂವರ ಉದಾಹರಣೆಯೇ ತೋರಿಸುವುದು.

ಕಂಬಾರರು 1937ರ ಜನವರಿ 2ರಂದು ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ, ಕುಲುಮೆಯನ್ನು ನಂಬಿದ ಮನೆತನದಲ್ಲಿ ಜನಿಸಿದರು. ಪ್ರೌಢಶಿಕ್ಷಣಕ್ಕೆ ಗೋಕಾಕಕ್ಕೆ ಬಂದರು. ಬಡತನದಿಂದ ವಿದ್ಯಾಭ್ಯಾಸವು ನಿಲ್ಲುವ ಪ್ರಸಂಗ ಬಂದಾಗ ಸಾವಳಗಿ ಮಠದ ಜಗದ್ಗುರು ಸಿದ್ಧರಾಮ ಸ್ವಾಮಿಗಳು ಆಶ್ರಯವಿತ್ತು ಓದಿಸಿದರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮಾಡಿ, ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಯ ವಿಷಯವನ್ನಾಗಿ ಆರಿಸಿಕೊಂಡರು. ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು 1966ರಲ್ಲಿ ಸಂಪಾದಿಸಿದರು. ‘ಬಣ್ಣೇಸಿ ಹಾಡವ್ವ ನನ ಬಳಗ’ ಎಂಬ ಜನಪದ ಗೀತೆಗಳ ಸಂಗ್ರಹವನ್ನು 1968ರಲ್ಲಿ ಪ್ರಕಟಿಸಿದರು.

ಈ ವಿವರಗಳನ್ನು ಇಲ್ಲಿ ಕೊಡುವುದಕ್ಕೆ ಕಾರಣವಿದೆ. ಚಲಚ್ಚಿತ್ರಕ್ಕೆ ಬರುವ ಮೊದಲೇ ಕಂಬಾರರು ಜನಪದ ಹಾಡನ್ನು ಎರಡು ರೀತಿಯಲ್ಲಿ ಬಲ್ಲವರಾಗಿದ್ದರು. ಊರಿನ ಹುಡುಗನಾಗಿ ಕಿವಿಯಿಂದ ಬಲ್ಲರು. ಸಂಪಾದಕನಾಗಿ ಬರೆಹದಿಂದ ಬಲ್ಲರು. ಹಳ್ಳಿಯ ಪದ ಯಾವುದು, ತಾವು ಕಟ್ಟಿದ ಪದ ಯಾವುದು ಎಂಬುದರ ವ್ಯತ್ಯಾಸವನ್ನು ಅವರಷ್ಟು ಸ್ಪಷ್ಟವಾಗಿ ತಿಳಿದ ಸಂಯೋಜಕರು ನಮ್ಮ ಚಿತ್ರರಂಗದಲ್ಲಿ ಬಹು ಕಡಿಮೆ. ಹೀಗಿರಲು ಅವರ ರಚನೆಯ ಮೇಲೆಯೇ ‘ಜನಪದ’ದ ಚೀಟಿ ಅಂಟಿಕೊಂಡಿರುವುದು ಒಂದು ವಿಪರ್ಯಾಸ.

3

ಪಾರಿಜಾತದಲ್ಲಿ ಅಥವಾ ಸಣ್ಣಾಟದಲ್ಲಿ ಹಾಡು ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಪಾತ್ರಧಾರಿಯು ಪದದ ಒಂದು ನುಡಿಯನ್ನು ಎತ್ತಿಕೊಳ್ಳುವನು. ಹಾರ್ಮೋನಿಯಂ, ತಬಲಾ, ತಾಳಗಳೊಡನೆ ನಿಂತಿರುವ ಹಿಮ್ಮೇಳದವರು ಅದನ್ನು ಹಿಡಿದು ಮರಳಿ ಹಾಡುವರು. ಅನಂತರ ಅದೇ ಅರ್ಥವು ಮಾತಿನಲ್ಲಿ ವಿಸ್ತಾರವಾಗುವುದು. ದೂತಿಯೋ ಸಾರಥಿಯೋ ನಡುವೆ ಬಾಯಿ ಹಾಕಿ ನಗೆಯುಕ್ಕಿಸುವರು. ಭಾಮೆಯ ಗರ್ವವನ್ನು ಕೇಳಿ ಮರುಗುವ ಪ್ರೇಕ್ಷಕನು ಮರುಗಳಿಗೆಯಲ್ಲಿಯೇ ದೂತಿಯ ಮಾತಿಗೆ ನಗುವನು. ಪದವು ಒಬ್ಬನ ಬಾಯಿಂದ ಹೊರಟರೂ ಒಬ್ಬನದಾಗಿ ಉಳಿಯದು. ಹಿಮ್ಮೇಳದಲ್ಲಿ ಮರುಹುಟ್ಟು ಪಡೆದು, ಮಾತಿನಲ್ಲಿ ಹರಡಿ, ಹಾಸ್ಯದಲ್ಲಿ ಪರೀಕ್ಷೆಗೊಳಗಾಗುವುದು. ರಾತ್ರಿ ಹತ್ತಕ್ಕೆ ಪ್ರಾರಂಭವಾದ ಆಟ ಬೆಳಗಿನವರೆಗೆ ನಡೆಯುವುದಾದ್ದರಿಂದ ಹಾಡುಗಾರನಿಗೆ ಅವಸರವಿಲ್ಲ. ಕೇಳುವವರ ಮನಸ್ಸನ್ನರಿತು ಒಂದು ನುಡಿಯನ್ನು ನಾಲ್ಕು ಸಲ ಹಾಡಲೂಬಹುದು, ನಾಲ್ಕು ನುಡಿಗಳನ್ನು ಬಿಟ್ಟು ಮುಂದೆ ಸಾಗಲೂಬಹುದು.

ಆಟದಿಂದಾಚೆ, ಮನೆಯ ಹಾಡುಗಳಲ್ಲಿ ಇನ್ನೊಂದು ವಿಶೇಷವುಂಟು. ಬೀಸುವ ಕಲ್ಲಿನ ಮುಂದೆ ಹಾಡುವ ತ್ರಿಪದಿಗಳನ್ನು ನೋಡಿರಿ. ಒಂದೇ ಧಾಟಿಯಲ್ಲಿ ನೂರಾರು ತ್ರಿಪದಿಗಳನ್ನು ಹಾಡಬಹುದು. ಅದೇ ತ್ರಿಪದಿಯನ್ನು ಬೇರೊಂದು ಊರಿನಲ್ಲಿ ಬೇರೆ ಧಾಟಿಯಲ್ಲಿ ಹಾಡುವರು. ಧಾಟಿಯೆಂಬುದು ಪಾತ್ರೆ; ಪದವೆಂಬುದು ಅದರೊಳಗಿನ ಕಾಳು. ಅಂದು ಜೋಳ, ಇಂದು ಗೋದಿ, ಪಾತ್ರೆ ಅದೇ. ಈ ಸಡಿಲವಾದ ಸಂಬಂಧವೇ ಜನಪದ ಹಾಡುಗಾರಿಕೆಯ ಜೀವ. ಯಾವ ಹಾಡಿನಲ್ಲಿ ಒಂದೇ ಪದಕ್ಕೆ ಒಂದೇ ಮಟ್ಟು ಶಾಶ್ವತವಾಗಿ ಗಂಟುಬಿದ್ದಿದೆಯೋ, ಮಟ್ಟನ್ನು ಬದಲಿಸಿದರೆ ‘ತಪ್ಪಾಯಿತು’ ಎಂದು ಕೇಳುವವರು ಹೇಳುವರೋ, ಅದನ್ನು ನಾವು ಕೃತಿಯೆನ್ನಬೇಕು, ರಚನೆಯೆನ್ನಬೇಕು. ಇದನ್ನು ಮೊದಲನೆಯ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು.

ಎರಡನೆಯ ಸಂಗತಿ ಹೆಸರಿನದು. ಜನಪದವೆಂದರೆ ಕರ್ತೃವಿಲ್ಲದ್ದು ಎಂಬ ತಿಳಿವಳಿಕೆ ನಮ್ಮ ಪಠ್ಯಪುಸ್ತಕಗಳಿಂದ ಹರಡಿದೆ. ಹಳ್ಳಿಯ ವ್ಯವಹಾರವು ಇದಕ್ಕೆ ಸಂಪೂರ್ಣವಾಗಿ ಹೊಂದುವುದಿಲ್ಲ. ಲಾವಣಿಕಾರನು ಕೊನೆಯ ನುಡಿಯಲ್ಲಿ ತನ್ನ ಊರನ್ನೂ ಗುರುವನ್ನೂ ಹೇಳಿಯೇ ಮುಗಿಸುವನು. ತತ್ತ್ವಪದಕಾರನು ಅಂಕಿತವಿಲ್ಲದೆ ಪದವನ್ನು ಬಿಡುವುದಿಲ್ಲ. ಶಿಶುನಾಳ ಶರೀಫರ (1819–1889) ಪದಗಳು ಅಚ್ಚಾಗುವ ಮುನ್ನ ಎಷ್ಟೋ ಬಾಯಿಗಳನ್ನು ಹಾಯ್ದು ಬಂದರೂ ಅವು ಶರೀಫರವೇ ಎಂದು ನಾವು ಬಲ್ಲೆವು. ಹೇಗೆ? ಹೆಸರು ಪದದ ಒಳಗೇ ಇದೆ. ಹಾಡನ್ನು ಹಾಡಿದವನು ಹೆಸರನ್ನೂ ಹಾಡಲೇಬೇಕು. ಹೀಗೆ ಕರ್ತೃತ್ವವನ್ನು ಕಾಪಾಡುವ ಉಪಾಯವೊಂದನ್ನು ನಮ್ಮ ಹಾಡುಗಾರರು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದರು. ಈ ಅಂಕಿತದ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ; ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

4

ಇನ್ನು ‘ಕಾಡುಕುದುರೆ’ಯ ಗೀತೆಯನ್ನು ನೋಡೋಣ. ಕಂಬಾರರು ಇದೇ ಹೆಸರಿನ ತಮ್ಮ ನಾಟಕವನ್ನು ತಾವೇ ಚಿತ್ರವಾಗಿ ನಿರ್ದೇಶಿಸಿದರು. ಗೀತೆಯ ಪದವೂ ಅವರದು, ಸಂಯೋಜನೆಯೂ ಅವರದು. ಹಾಡಿದವರು ಶಿವಮೊಗ್ಗ ಸುಬ್ಬಣ್ಣನವರು.

ಪದದ ಹೊರಮೈ ಸಂಪೂರ್ಣವಾಗಿ ಬೆಳಗಾವಿ ಸೀಮೆಯದು. ಕ್ರಿಯಾಪದದ ಕೊನೆಯ ಸ್ವರವನ್ನು ಎಳೆದು ನಿಲ್ಲಿಸುವುದು, ‘ಹಾಂಗ’ ಎಂಬಂತಹ ಆಡುಮಾತಿನ ರೂಪಗಳು, ದೂರದವನನ್ನು ಕರೆದು ಸುದ್ದಿ ಹೇಳುವಂತಹ ಏರುದನಿ—ಇವೆಲ್ಲ ಆ ಕಡೆಯ ಹಾಡುಗಾರಿಕೆಯನ್ನು ಬಲ್ಲವರಿಗೆ ತಕ್ಷಣ ಗುರುತು ಹತ್ತುವ ಲಕ್ಷಣಗಳು. ಆದರೆ ಒಳಮೈಯನ್ನು ಪರೀಕ್ಷಿಸಿದರೆ ಬೇರೆಯದೇ ಕಾಣುವುದು. ಊರು ಮುಗಿದು ದೂರದ ದಾರಿ ಮೊದಲಾಗುವ ಎಡೆ, ಅಲ್ಲಿಯ ಸೂರ್ಯೋದಯ, ಮುಗಿಲಿನಿಂದ ಜಾರಿದ ಉಲ್ಕೆಯಂತೆ ಕಾಡಿನಿಂದ ನೆಗೆಯುವ ಕುದುರೆ—ಹೀಗೆ ಒಂದರ ಮೇಲೊಂದು ಚಿತ್ರಗಳನ್ನು ಪೇರಿಸಿ, ಕುದುರೆಯನ್ನು ಪ್ರಾಣಿಯಾಗಿ ಉಳಿಯಗೊಡದೆ ಪ್ರತಿಮೆಯನ್ನಾಗಿ ಮಾಡುವ ಕ್ರಮವಿದು. ಜನಪದ ಕವಿ ಹೋಲಿಕೆಯನ್ನು ಬಳಸನೆಂದಲ್ಲ. ಅವನ ಹೋಲಿಕೆ ಸಾಮಾನ್ಯವಾಗಿ ಕಥೆಯನ್ನು ಮುಂದಕ್ಕೆ ನೂಕುವುದು. ಇಲ್ಲಿಯಾದರೋ ಕಥೆ ನಿಂತು, ಪ್ರತಿಮೆ ಬೆಳೆಯುವುದು. ನವ್ಯಕಾವ್ಯದ ಕಾಲದಲ್ಲಿ ಬರೆದು, ಅದರ ಬಿಗಿಯನ್ನರಿತು, ಬಯಲಾಟದ ನುಡಿಯನ್ನು ಕೈಬಿಡದ ಒಬ್ಬ ಕವಿಯ ಕೆಲಸವಿದು. 1964ರ ‘ಹೇಳತೇನ ಕೇಳ’ ನೀಳ್ಗವನದಿಂದಲೇ ಕಂಬಾರರು ನಡೆದುಬಂದ ದಾರಿಯೂ ಇದೇ.

ಮಟ್ಟಿನ ವಿಷಯದಲ್ಲಿಯೂ ಹೀಗೆಯೇ. ಗೀತೆಯ ಲಯವು ಕುದುರೆಯ ಓಟವನ್ನು ನೆನಪಿಗೆ ತರುವಂತೆ ನಡೆಯುತ್ತದೆ. ಏರುದನಿಯ ನಿಲುಗಡೆಗಳು ಪ್ರತಿಮೆಯು ತಿರುಗುವ ಕಡೆಗಳಲ್ಲಿಯೇ ಬೀಳುತ್ತವೆ. ಅಂದರೆ ಈ ಮಟ್ಟು ಈ ಪದಕ್ಕಾಗಿಯೇ ಹುಟ್ಟಿದುದು. ಇದರಲ್ಲಿ ಬೇರೊಂದು ತ್ರಿಪದಿಯನ್ನು ಹಾಕಿ ಹಾಡಲಾಗದು. ಈ ಪದವನ್ನು ಗೀಗೀ ಮೇಳದ ಧಾಟಿಗೆ ಒಗ್ಗಿಸಿದರೆ ಕುದುರೆಯ ಕಾಲು ಮುರಿದಂತಾಗುವುದು. ಮೇಲೆ ಹೇಳಿದ ಒರೆಗಲ್ಲಿಗೆ ಹಚ್ಚಿದರೆ ಇದು ರಚನೆಯೆಂಬುದರಲ್ಲಿ ಸಂದೇಹವಿಲ್ಲ.

ಹಾಡಿದವರ ಊರೂ ಒಂದು ಸಾಕ್ಷ್ಯವೇ. ಸುಬ್ಬಣ್ಣನವರು ಮಲೆನಾಡಿನವರು, ವೃತ್ತಿಯಿಂದ ವಕೀಲರು, ಸುಗಮ ಸಂಗೀತದಲ್ಲಿ ಹೆಸರಾದವರು. ಘಟಪ್ರಭೆಯ ದಂಡೆಯ ಆಟವು ಅವರಿಗೆ ಹುಟ್ಟಿನಿಂದ ಬಂದ ಆಸ್ತಿಯಲ್ಲ. ಅವರು ಈ ಗೀತೆಯನ್ನು ಒಂದು ಸಂಯೋಜನೆಯಾಗಿ ಕಲಿತು ಹಾಡಿದರು, ಬಹು ಚೆನ್ನಾಗಿ ಹಾಡಿದರು. ಪರಂಪರೆಯಿಂದ ಬಂದ ಹಾಡನ್ನು ಹೊರಗಿನವನು ಕಲಿಯುವುದಕ್ಕೆ ವರ್ಷಗಳು ಬೇಕು. ಸಂಯೋಜಿತವಾದ ಹಾಡನ್ನು ಸಮರ್ಥನಾದ ಗಾಯಕನು ಸಂಯೋಜಕನಿಂದ ಕಲಿಯಬಲ್ಲನು. ಸುಬ್ಬಣ್ಣನವರ ಯಶಸ್ಸೇ ಅದು ರಚನೆಯೆಂಬುದಕ್ಕೆ ಆಧಾರ.

5

ಹಾಗಾದರೆ ಸಂಯೋಜಕನ ಹೆಸರು ಹೋದುದೆಲ್ಲಿ? ಇದಕ್ಕೆ ಉತ್ತರವನ್ನು ಚಲಚ್ಚಿತ್ರವೆಂಬ ಮಾಧ್ಯಮದ ಸ್ವರೂಪದಲ್ಲಿಯೇ ಹುಡುಕಬೇಕು.

ಚಿತ್ರದಲ್ಲಿ ಸಂಯೋಜಕನ ಹೆಸರು ಹಾಡಿನ ಒಳಗಿರುವುದಿಲ್ಲ. ಚಿತ್ರದ ಮೊದಲಲ್ಲಿ ಓಡುವ ಹೆಸರುಗಳ ಸಾಲಿನಲ್ಲಿರುವುದು. ಚಿತ್ರಮಂದಿರದಲ್ಲಿ ಕುಳಿತು ಮೊದಲಿನಿಂದ ನೋಡಿದವನಿಗೆ ಅದು ಕಾಣಿಸೀತು. ಹಾಡು ಚಿತ್ರವನ್ನು ಬಿಟ್ಟು ಹೊರಬಿದ್ದಿತೆಂದರೆ ಹೆಸರು ಹಿಂದೆಯೇ ಉಳಿಯುವುದು. ಆಕಾಶವಾಣಿಯಲ್ಲಿ ಬಂದಾಗ ಪ್ರಕಟಣೆಕಾರರು ಹೆಸರು ಹೇಳುವ ಪದ್ಧತಿಯಿದ್ದಿತು. ಧ್ವನಿಸುರುಳಿಗಳು ಮನೆಮನೆಗೆ ಬಂದ 1980ರ ದಶಕದ ತರುವಾಯ ಹಾಡುಗಳು ಒಂದರಿಂದ ಮತ್ತೊಂದಕ್ಕೆ ನಕಲಾಗುತ್ತ ಹೋಗಿ, ಹೊದಿಕೆಯ ಮೇಲಿನ ಅಕ್ಷರಗಳು ಹಿಂದುಳಿದವು. ದೂರದರ್ಶನದ ವೇದಿಕೆಯಲ್ಲಿ ಇನ್ನೊಬ್ಬ ಗಾಯಕ ಹಾಡಿದಾಗ ನೋಡುವವರ ಕಣ್ಣು ಆ ಗಾಯಕನ ಮೇಲೆ ನಿಲ್ಲುವುದು. ಹಳ್ಳಿಯ ಕವಿ ತನ್ನ ಹೆಸರನ್ನು ಕೊನೆಯ ನುಡಿಯಲ್ಲಿ ಹೆಣೆದು ಕಾಪಾಡಿಕೊಂಡನು. ಚಲಚ್ಚಿತ್ರದ ಸಂಯೋಜಕನಿಗೆ ಆ ರಕ್ಷೆಯಿಲ್ಲ. ಕರ್ತೃತ್ವವನ್ನು ಮರೆಯುವ ವಿಷಯದಲ್ಲಿ ‘ಅನಾಮಿಕ’ವಾದುದು ಹಳ್ಳಿಯಲ್ಲ, ಆಧುನಿಕ ಮಾಧ್ಯಮವೇ ಎಂದರೆ ತಪ್ಪಾಗಲಾರದು.

ಪ್ರಶಸ್ತಿಗಳ ಇತಿಹಾಸವೂ ಈ ಮಾತಿಗೆ ಸಾಕ್ಷಿ ನುಡಿಯುತ್ತದೆ. ಕಂಬಾರರ ‘ಋಷ್ಯಶೃಂಗ’ ನಾಟಕವನ್ನು ವಿ. ಆರ್. ಕೆ. ಪ್ರಸಾದರು ಚಿತ್ರವಾಗಿಸಿದಾಗ ಅದರ ಸಂಗೀತಕ್ಕಾಗಿ ಬಿ. ವಿ. ಕಾರಂತರಿಗೆ 1976ನೆಯ ಸಾಲಿನ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ಮರುವರ್ಷ ‘ಘಟಶ್ರಾದ್ಧ’ಕ್ಕಾಗಿ ಅವರಿಗೇ ಮತ್ತೆ ಆ ಪ್ರಶಸ್ತಿ ಬಂದಿತು. ರಂಗಭೂಮಿಯಿಂದ ಬಂದ ಸಂಯೋಜಕನೊಬ್ಬನು ಚಲಚ್ಚಿತ್ರ ಸಂಗೀತದಲ್ಲಿ ಏನನ್ನು ಸಾಧಿಸಬಲ್ಲನೆಂಬುದನ್ನು ದೇಶ ಆಗ ಗುರುತಿಸಿತು. ಇನ್ನೊಂದು ವರ್ಷ ಕಳೆದು 1978ನೆಯ ಸಾಲಿನ ಪ್ರಶಸ್ತಿಗಳಲ್ಲಿ ‘ಕಾಡುಕುದುರೆ’ಯ ಶೀರ್ಷಿಕೆಗೀತೆಗಾಗಿ ಸುಬ್ಬಣ್ಣನವರು ಶ್ರೇಷ್ಠ ಹಿನ್ನೆಲೆ ಗಾಯಕರೆನಿಸಿದರು. ಈ ಗೌರವವನ್ನು ಪಡೆದ ಕನ್ನಡಿಗ ಗಾಯಕರಲ್ಲಿ ಅವರೇ ಮೊದಲಿಗರು. 2022ರಲ್ಲಿ ಅವರು ತೀರಿಕೊಂಡಾಗ ನಾಡು ಈ ಹಾಡಿನಿಂದಲೇ ಅವರನ್ನು ನೆನೆಯಿತು. ಅದು ಯೋಗ್ಯವೇ ಸರಿ. ಗಾಯಕನಿಗೆ ಸಂದುದು ಹೆಚ್ಚಾಯಿತೆಂದು ಇಲ್ಲಿ ಹೇಳುತ್ತಿಲ್ಲ. ಹಾಡಿನ ನೆನಪು ಗಾಯಕನ ಹೆಸರಿನ ಸುತ್ತ ಗಟ್ಟಿಯಾಗುತ್ತ ಹೋದಂತೆ, ಸಂಯೋಜಕನ ಸ್ಥಾನದಲ್ಲಿ ‘ಜನಪದ’ವೆಂಬ ಮಾತು ಬಂದು ಕುಳಿತುದನ್ನು ಮಾತ್ರ ಗಮನಿಸಬೇಕು.

ಈ ಸ್ಥಿತಿ ಕಂಬಾರರೊಬ್ಬರದೇ ಅಲ್ಲ. 1990ರಲ್ಲಿ ತೆರೆಕಂಡ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಿ. ಅಶ್ವತ್ಥರು ಸಂಗೀತವಿತ್ತರು. ಆ ಚಿತ್ರದಿಂದಲೂ, ಅವರ ಧ್ವನಿಸುರುಳಿಗಳಿಂದಲೂ ಶರೀಫರ ಪದಗಳು ನಾಡಿನ ಉದ್ದಗಲಕ್ಕೆ ಹರಡಿದವು. ಅಂಕಿತವಿದ್ದುದರಿಂದ ಶರೀಫರ ಹೆಸರು ಭದ್ರವಾಗಿ ಉಳಿಯಿತು. ಆದರೆ ಇಂದಿನ ಬಹುಮಂದಿ ಕೇಳುಗರು ಅಶ್ವತ್ಥರ ಮಟ್ಟುಗಳನ್ನೇ ಶರೀಫರ ಕಾಲದ ಮಟ್ಟುಗಳೆಂದು ಬಗೆದಿದ್ದಾರೆ. ಅಂಕಿತವು ಪದವನ್ನು ಕಾಯಿತು, ಮಟ್ಟನ್ನು ಕಾಯಲಿಲ್ಲ. ಇದರಿಂದ ನಷ್ಟವಾದುದು ಅಶ್ವತ್ಥರಿಗಷ್ಟೇ ಅಲ್ಲ. ಭಜನೆಯ ಮೇಳಗಳಲ್ಲಿ ಈ ಪದಗಳನ್ನು ತಮ್ಮ ತಮ್ಮ ಧಾಟಿಯಲ್ಲಿ ಹಾಡಿಕೊಂಡು ಬಂದ ಹಿರಿಯರು, ಎಳೆಯರ ಮುಂದೆ ‘ತಪ್ಪಾಗಿ ಹಾಡುವವರು’ ಎನಿಸಿಕೊಳ್ಳುವ ಕಾಲ ಬಂದಿತು. ಧ್ವನಿಮುದ್ರಿತವಾದ ಒಂದು ಮಟ್ಟು ಉಳಿದ ಮಟ್ಟುಗಳ ಮೇಲೆ ನ್ಯಾಯಾಧೀಶನಂತೆ ಕುಳಿತುಕೊಂಡಿತು.

ದೂರದರ್ಶನವು ಈ ಬಲವನ್ನು ಇಮ್ಮಡಿಸಿತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು 1981ರಲ್ಲಿ ಪ್ರಾರಂಭವಾಯಿತು. ಶಂಕರನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳನ್ನಾಧರಿಸಿ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ರಾಷ್ಟ್ರೀಯ ಜಾಲದಲ್ಲಿ ಪ್ರಸಾರವಾಗತೊಡಗಿತು. ಅದಕ್ಕೆ ಎಲ್. ವೈದ್ಯನಾಥನ್ ಅವರು ಕಟ್ಟಿದ ಶೀರ್ಷಿಕೆ ಸಂಗೀತದಲ್ಲಿ ಅರ್ಥವುಳ್ಳ ಮಾತೇ ಇಲ್ಲ. ಬರಿಯ ಆಲಾಪದ ಅಕ್ಷರಗಳು. ವಾರವಾರವೂ ಅದೇ ಮಟ್ಟು ಮನೆಮನೆಯಲ್ಲಿ ಮೊಳಗಿ, ಅದು ಒಂದು ಊರಿನ ಸದ್ದೇ ಆಗಿಬಿಟ್ಟಿತು. ಚಲಚ್ಚಿತ್ರದ ಹಾಡನ್ನು ಜನರು ಹುಡುಕಿಕೊಂಡು ಹೋಗಿ ಕೇಳುವರು. ಧಾರಾವಾಹಿಯ ಮಟ್ಟು ತಾನಾಗಿ ಬಂದು ಕಿವಿಯಲ್ಲಿ ನೆಲಸುವುದು. ಅದನ್ನು ಗುನುಗುನಿಸಬಲ್ಲವರು ಲಕ್ಷಾಂತರ. 2007ರಲ್ಲಿ ತೀರಿಕೊಂಡ ಅದರ ಸಂಯೋಜಕರ ಹೆಸರನ್ನು ಹೇಳಬಲ್ಲವರು ಎಷ್ಟು ಜನ? ಊರಿಗೆ ಅಂಟಿಕೊಂಡ ಮಟ್ಟು ಸಂಯೋಜಕನಿಂದ ಬಿಡಿಸಿಕೊಳ್ಳುವುದು. ‘ಕಾಡುಕುದುರೆ’ಯು ಬೆಳಗಾವಿ ಸೀಮೆಗೆ ಅಂಟಿಕೊಂಡುದೂ ಇದೇ ಬಗೆಯಲ್ಲಿ.

6

ಕಂಬಾರರ ಸಂಗೀತವನ್ನು ಕರ್ತೃತ್ವದ ದೃಷ್ಟಿಯಿಂದ ಎತ್ತಿಹಿಡಿದ ಮಾತ್ರಕ್ಕೆ ಅದರ ಮಿತಿಗಳನ್ನು ಕಾಣದಿರುವುದು ವಿಮರ್ಶೆಯಾಗದು. ರಚನೆಯೆಂದು ಒಪ್ಪಿದ ಮೇಲೆಯೇ ಗುಣದೋಷಗಳ ಚರ್ಚೆಗೆ ಅವಕಾಶ. ಜನಪದವೆಂದು ಕೈಮುಗಿದರೆ ಚರ್ಚೆಯೇ ನಿಂತುಹೋಗುವುದು.

ಮೊದಲನೆಯದಾಗಿ, ಸಂಯೋಜಕರಾಗಿ ಅವರ ಕ್ಷೇತ್ರ ಕಿರಿದು. ‘ಕಾಡುಕುದುರೆ’, 1981ರ ‘ಸಂಗೀತ’ ಮೊದಲಾದ ತಮ್ಮವೇ ಕೆಲವು ಚಿತ್ರಗಳ ಆಚೆಗೆ ಈ ಕೆಲಸವನ್ನು ಅವರು ವೃತ್ತಿಯಂತೆ ವಿಸ್ತರಿಸಿಕೊಳ್ಳಲಿಲ್ಲ. ಬೇರೊಬ್ಬರ ಪದಕ್ಕೆ, ಬೇರೊಂದು ಸೀಮೆಯ ಕಥೆಗೆ ಮಟ್ಟು ಹಾಕುವ ಸವಾಲನ್ನು ಎದುರಿಸಿದ್ದರೆ ಅವರ ಸಂಗೀತ ಹೇಗೆ ಬೆಳೆಯುತ್ತಿದ್ದಿತೋ ಊಹಿಸಬಹುದು. ಎರಡನೆಯದಾಗಿ, ಅವರ ಮಟ್ಟು ಮಾತಿನ ಬೆನ್ನನ್ನು ಬಿಟ್ಟು ದೂರ ಹೋಗುವುದಿಲ್ಲ. ಪದ ಬಲವಾಗಿರುವಲ್ಲಿ ಇದು ಅದರ ಶಕ್ತಿ. ಪದದ ಬಿಗಿ ಸಡಿಲುವಲ್ಲಿ ಸ್ವರವು ತಾನೇ ಮುಂದಾಗಿ ಭಾವವನ್ನು ಹೊರುವ ಸಾಮರ್ಥ್ಯ ಕಡಿಮೆ. ಕಾರಂತರ ಸಂಗೀತದಲ್ಲಿ ಮೌನಕ್ಕೂ, ಬಿಡಿ ಸದ್ದಿಗೂ ದೊರೆಯುವ ಸ್ಥಾನ ಇಲ್ಲಿ ದೊರೆಯುವುದಿಲ್ಲ.

ಮೂರನೆಯದು ಹೆಚ್ಚು ಮುಖ್ಯವಾದುದು. ಬಯಲಾಟದಲ್ಲಿ ಒಬ್ಬನ ಪದವನ್ನು ಹಿಮ್ಮೇಳ ಹಿಡಿಯುವುದೆಂದು ಮೇಲೆ ಹೇಳಿದೆ. ‘ಕಾಡುಕುದುರೆ’ಯ ಗೀತೆಯಲ್ಲಿ ಒಂಟಿ ದನಿಯೇ ಆಳುತ್ತದೆ. ಕುದುರೆಯ ಮಹಿಮೆಯನ್ನು ಹಾಡುವ ಆ ದನಿಗೆ ಎದುರಾಗಿ ಪ್ರಶ್ನಿಸುವ, ನಗುವ ದೂತಿಯಿಲ್ಲ. ನಾಟಕಕಾರರಾಗಿ ಕಂಬಾರರು ಹಿಮ್ಮೇಳವನ್ನೂ ಹಾಸ್ಯವನ್ನೂ ಎಷ್ಟು ಸಮರ್ಥವಾಗಿ ಬಳಸಿದವರೆಂಬುದನ್ನು ‘ಜೋಕುಮಾರಸ್ವಾಮಿ’ಯನ್ನು ರಂಗದ ಮೇಲೆ ನೋಡಿದವರು ಬಲ್ಲರು. ಚಲಚ್ಚಿತ್ರ ಗೀತೆಯಲ್ಲಿ ಅದಕ್ಕೆ ಎಡೆಯಾಗಲಿಲ್ಲ. ನಾಲ್ಕೈದು ನಿಮಿಷಗಳ ಅವಧಿಯೂ, ಒಬ್ಬ ಗಾಯಕನನ್ನು ಮುಂದಿಡುವ ಚಿತ್ರರಂಗದ ರೂಢಿಯೂ ಇದಕ್ಕೆ ಕಾರಣಗಳಿರಬೇಕು. ಹೇಗೇ ಇರಲಿ, ಪಾರಿಜಾತದ ಸೀಮೆಯಿಂದ ಚಲಚ್ಚಿತ್ರಕ್ಕೆ ಬಂದುದು ಅದರ ನುಡಿ, ಏರುದನಿ, ಲಯಗಳು. ಬಾರದೆ ಉಳಿದುದು ಅದರ ಸಂವಾದ. ಈ ಗೀತೆಯನ್ನೇ ಆ ಪರಂಪರೆಯ ಮಾದರಿಯೆಂದು ನಮ್ಮ ವಿದ್ಯಾರ್ಥಿಗಳು ತಿಳಿದರೆ, ಪರಂಪರೆಯ ಅರ್ಧಭಾಗವು ಅವರಿಗೆ ದೊರೆಯದೆಯೇ ಹೋಗುವುದು. ಲೇಖನದ ಮೊದಲಲ್ಲಿ ಹೇಳಿದ ಎರಡನೆಯ ಅನ್ಯಾಯವೆಂದರೆ ಇದೇ.

ಇಷ್ಟಾದರೂ ಅವರ ಸಾಧನೆ ಸಣ್ಣದಲ್ಲ. ಅವರಿಗಿಂತ ಮೊದಲು ನಮ್ಮ ಚಿತ್ರಗಳಲ್ಲಿ ‘ಹಳ್ಳಿಯ ಹಾಡು’ ಎಂದರೆ ಬಹುಮಟ್ಟಿಗೆ ವೇಷಭೂಷಣದಂತಹ ಒಂದು ಅಲಂಕಾರ. ಉತ್ತರದ ಆಡುನುಡಿಯನ್ನು ನಗೆಪಾತ್ರಗಳ ಬಾಯಿಗೆ ಹಾಕುವ ರೂಢಿಯೂ ಇದ್ದಿತು. ಅದೇ ನುಡಿಯಲ್ಲಿ ಗಂಭೀರವಾದ, ಪ್ರತಿಮಾಪುಷ್ಟವಾದ ಗೀತೆಯನ್ನು ಕಟ್ಟಬಹುದೆಂದೂ, ಅದನ್ನು ದಕ್ಷಿಣದ ಗಾಯಕನು ಹಾಡಿ ಇಡೀ ನಾಡು ಒಪ್ಪಬಹುದೆಂದೂ ‘ಕಾಡುಕುದುರೆ’ ತೋರಿಸಿಕೊಟ್ಟಿತು. 1997ರಲ್ಲಿ ನಾಗಾಭರಣರ ‘ನಾಗಮಂಡಲ’ಕ್ಕೆ ಅಶ್ವತ್ಥರು ಉತ್ತರ ಕರ್ನಾಟಕದ ನುಡಿ-ಲಯಗಳಲ್ಲಿ ಗೀತೆಗಳನ್ನು ಸಂಯೋಜಿಸಿದಾಗ ಕೇಳುಗರ ಕಿವಿ ಅದಕ್ಕೆ ಸಿದ್ಧವಾಗಿದ್ದಿತು. ಆ ಸಿದ್ಧತೆಯಲ್ಲಿ ಕಂಬಾರರ ಪಾಲು ದೊಡ್ಡದು.

7

‘ಜನರ ಬಾಯಲ್ಲಿ ನೆಲೆಸಿದ ಮೇಲೆ ಹೆಸರಿನ ಹಂಗೇಕೆ?’ ಎಂದು ಕೇಳುವವರಿಗೆ ಇತಿಹಾಸದ ದೃಷ್ಟಿಯಿಂದ ಒಂದು ಉತ್ತರವನ್ನು ಕೊಡಬಹುದು. ಶಾಸನವೊಂದರಲ್ಲಿ ಬರೆದವನ ಮತ್ತು ಕಂಡರಿಸಿದವನ ಹೆಸರಿದ್ದರೆ ನಾವು ಎಷ್ಟು ಸಂತೋಷಪಡುತ್ತೇವೆ! ಆ ಒಂದು ಹೆಸರಿನಿಂದ ಕಾಲವನ್ನು ನಿರ್ಣಯಿಸುತ್ತೇವೆ, ಮನೆತನವನ್ನು ಗುರುತಿಸುತ್ತೇವೆ, ಇನ್ನೊಂದು ಶಾಸನದೊಡನೆ ಹೋಲಿಸಿ ಶೈಲಿಯನ್ನು ವಿವೇಚಿಸುತ್ತೇವೆ. ಎಂಟುನೂರು ವರ್ಷಗಳ ಹಿಂದಿನ ರೂವಾರಿಯ ಹೆಸರಿಗಾಗಿ ಕಲ್ಲನ್ನು ತೊಳೆದು ಓದುವ ನಾವು, ನಮ್ಮ ಕಾಲದಲ್ಲಿಯೇ ಕಟ್ಟಿದ ಹಾಡಿನ ಕರ್ತೃವನ್ನು ಕೈಯಾರೆ ಅಳಿಸುವುದು ಯಾವ ನ್ಯಾಯ? ಇಂದು ಅಳಿಸಿದುದನ್ನು ನಾಳೆಯ ಸಂಶೋಧಕನು ಹುಡುಕಿ ಸೋಲಬೇಕಾಗುವುದು.

ಆದುದರಿಂದ ಎರಡು ಕೆಲಸಗಳನ್ನು ಸೂಚಿಸಿ ಲೇಖನವನ್ನು ಮುಗಿಸುವೆನು. ಎರಡೂ ಕಾಲೇಜುಗಳ ಶಕ್ತಿಗೆ ಮೀರಿದುವಲ್ಲ.

ನಮ್ಮ ಸಮಾರಂಭಗಳಲ್ಲಿ ಯಾವ ಗೀತೆಯನ್ನೇ ಹಾಡಲಿ, ಪದ ಯಾರದು, ಮಟ್ಟು ಯಾರದು ಎಂಬ ಎರಡು ಮಾತುಗಳನ್ನು ಹಾಡುವವರು ಮೊದಲು ಹೇಳಬೇಕು. ಅರ್ಧ ನಿಮಿಷದ ಕೆಲಸ. ಚಲಚ್ಚಿತ್ರವು ಕೊಡದ ಅಂಕಿತವನ್ನು ನಮ್ಮ ಬಾಯಿಂದ ನಾವು ಕೊಟ್ಟಂತಾಗುವುದು. ಯುವಜನೋತ್ಸವದ ಜಾನಪದ ಗೀತೆಯ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿ ಕುಳಿತುಕೊಳ್ಳುವ ಅಧ್ಯಾಪಕರು ಈ ವಿವೇಚನೆಯನ್ನು ಪಾಲಿಸಿದರೆ, ವಿದ್ಯಾರ್ಥಿಗಳು ಚಿತ್ರಗೀತೆಯನ್ನು ಬಿಟ್ಟು ತಮ್ಮ ಊರಿನ ಹಿರಿಯರ ಬಳಿಗೆ ಹೋಗುವ ಪ್ರಸಂಗವೂ ಬಂದೀತು.

ಎರಡನೆಯದು ಈ ಮೂರು ತಾಲೂಕುಗಳಿಗೆ ಸಂಬಂಧಿಸಿದುದು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳ್ಳಿಗಳಲ್ಲಿ ಪಾರಿಜಾತವನ್ನು ಆಡಿದ, ಗೀಗೀ ಪದ ಹಾಡಿದ, ಬೀಸುವ ಕಲ್ಲಿನ ಹಾಡು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಈಗ ವಿದ್ಯಾರ್ಥಿಗಳ ಕೈಯಲ್ಲಿರುವ ದೂರವಾಣಿಯೇ ಧ್ವನಿಮುದ್ರಣದ ಯಂತ್ರವೂ ಆಗಿದೆ. ಪದಗಳ ಸಂಗ್ರಹವನ್ನು ನಮ್ಮ ಹಿರಿಯರು ಬಹಳ ಮಾಡಿದರು. ಮಟ್ಟುಗಳ ಸಂಗ್ರಹ ಅಷ್ಟು ನಡೆಯಲಿಲ್ಲ. ಅಚ್ಚಿನ ಪುಸ್ತಕದಲ್ಲಿ ಪದ ಉಳಿಯುವುದು, ಧಾಟಿ ಉಳಿಯದು. ಒಂದೇ ಪದವನ್ನು ಕುಲಗೋಡದಲ್ಲಿ ಹೇಗೆ ಹಾಡುವರು, ಕೌಜಲಗಿಯಲ್ಲಿ ಹೇಗೆ, ಘೋಡಗೇರಿಯಲ್ಲಿ ಹೇಗೆ ಎಂಬುದನ್ನು ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ತಾರೀಖುಗಳೊಡನೆ ಮುದ್ರಿಸಿಟ್ಟರೆ, ಆಗ ಕಂಬಾರರ ಸಂಯೋಜನೆಯನ್ನು ಅದರ ಪಕ್ಕದಲ್ಲಿಟ್ಟು ತೂಗುವುದು ಸಾಧ್ಯವಾಗುವುದು. ಅವರು ಊರಿನಿಂದ ಪಡೆದುದೆಷ್ಟು, ತಾವಾಗಿ ಕೂಡಿಸಿದುದೆಷ್ಟು ಎಂಬ ಪ್ರಶ್ನೆಗೆ ಊಹೆಯ ಬದಲು ಆಧಾರದ ಮೇಲೆ ಉತ್ತರ ಹೇಳಬಹುದು. ಆ ಲೆಕ್ಕವು ಬರೆದು ಮುಗಿದ ದಿನ ಸಂಯೋಜಕನಿಗೂ ಊರಿಗೂ ಅವರವರ ಪಾಲು ಸಲ್ಲುವುದು.